ಚಿತ್ರಗಳ ಮೂಟೆಗೂ ಚೀಟಿ ಬೇಕು



ಈ ಸಲ ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸುವುದು ಯುಕ್ತ. ಕಳೆದ ಮಳೆಗಾಲದಲ್ಲಿ ಧರೆ ಕುಸಿದು ಅಡಿಕೆ ಮರಗಳನ್ನು ಕಳೆದುಕೊಂಡ ಸದಸ್ಯರೊಬ್ಬರ ಪರಿಹಾರದ ಅರ್ಜಿಗೆ ನಮ್ಮ ಕಚೇರಿಯಿಂದ ಲಗತ್ತಿಸಿದ ಚಿತ್ರಗಳಲ್ಲಿ ಎರಡು, ಅವರ ತೋಟದವೇ ಆಗಿರಲಿಲ್ಲ. ಅರ್ಜಿ ಹಿಂದಕ್ಕೆ ಬಂತು. ಹಿರಿಯರಾದ ಆ ಸದಸ್ಯರು ಮತ್ತೆರಡು ಬಾರಿ ಪೇಟೆಗೆ ಅಲೆಯಬೇಕಾಯಿತು. ಗುಮಾಸ್ತರನ್ನು ದೂರಿ ಪ್ರಯೋಜನವಿಲ್ಲ. ಪದ್ಧತಿ ಹಾಕಿಕೊಟ್ಟವರು ನಾವೇ.

ಆದದ್ದು ಇಷ್ಟೆ. ಹಲವು ತೋಟಗಳ ಚಿತ್ರಗಳನ್ನು ಲೈಟ್‌ರೂಮ್ ತಂತ್ರಾಂಶದಲ್ಲಿ ಕೊಂಚ ಬೆಳಕು ಹೆಚ್ಚಿಸಿ (ಅರ್ಜಿಯ ಚಿತ್ರಕ್ಕೆ ಅದಕ್ಕಿಂತ ಹೆಚ್ಚಿನ ತಿದ್ದುಪಡಿ ಸಲ್ಲದು) ಎಲ್ಲವನ್ನೂ ಒಂದೇ ಫೋಲ್ಡರಿಗೆ ಎಕ್ಸ್‌ಪೋರ್ಟ್ ಮಾಡಿದೆವು. ಕ್ಯಾಮೆರಾ ಚಿತ್ರಕ್ಕೆ ಕೊಡುವ ಹೆಸರು ಬರೀ ಸಂಖ್ಯೆ. 9999 ಮುಗಿದರೆ ಮತ್ತೆ 0001. ಎರಡು ಕ್ಯಾಮೆರಾಗಳ ಸಂಖ್ಯೆ ಒಂದೇ ಆಗಿಬಿಟ್ಟಾಗ ಹೊಸ ಹೆಸರು ಕೊಡಬೇಕೆ, ಬಿಟ್ಟುಬಿಡಬೇಕೆ, ಹಳೆಯದರ ಮೇಲೆಯೇ ಬರೆಯಬೇಕೆ ಎಂಬುದನ್ನು ತಂತ್ರಾಂಶಕ್ಕೆ ಮೊದಲೇ ಹೇಳಿಡಬಹುದು. ನಾವು ಕೊನೆಯದನ್ನು ಆರಿಸಿದ್ದೆವು. ಗುಮಾಸ್ತರು ಬರೆದಿಟ್ಟುಕೊಂಡ ಸಂಖ್ಯೆ ಸರಿಯಾಗಿಯೇ ಇತ್ತು, ತೋಟ ಬೇರೆಯಾಗಿತ್ತು.

ರಾಶಿ, ಬೆಟ್ಟೆ, ಗೊರಬಲು ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಮಂಡಿಗೆ ಒಯ್ಯುವವರು ನಮ್ಮಲ್ಲಿ ಯಾರಿದ್ದಾರೆ? ಚಿತ್ರದ ವಿಷಯದಲ್ಲಿ ಮಾತ್ರ ನಾವು ಅದನ್ನೇ ಮಾಡುತ್ತಿದ್ದೆವು.

ಎಕ್ಸ್‌ಪೋರ್ಟ್ ಎಂದೊಡನೆ ನಮಗೆ ನೆನಪಾಗುವುದು ಕಾಫಿ ರಫ್ತು. ಹೋದ ಕಾಫಿ ಹಿಂದಕ್ಕೆ ಬರುವುದಿಲ್ಲ. ಇಲ್ಲಿ ಹಾಗಲ್ಲ, ಮೂಲ ಚಿತ್ರ ಇದ್ದಲ್ಲೇ ಇರುತ್ತದೆ, ಹೊರಡುವುದು ಅದರ ಪ್ರತಿ. ಈ ಒಂದು ಕಾರಣದಿಂದ ಆ ಸದಸ್ಯರ ಚಿತ್ರಗಳನ್ನು ಮತ್ತೆ ತೆಗೆದುಕೊಡಲು ಸಾಧ್ಯವಾಯಿತು.

ಫೋಲ್ಡರುಗಳನ್ನು ದಿನಾಂಕದ ಮೇಲೆ ಮಾಡಿದರೆ ಸಾಕು, ತಂತ್ರಾಂಶವೇ ಹಾಗೆ ವಿಂಗಡಿಸಿಕೊಡುತ್ತದೆ ಎಂದು ನಮ್ಮ ಕಚೇರಿಯ ಯುವಕರು ವಾದಿಸುತ್ತಾರೆ. ನಾವು ಒಪ್ಪುವುದಿಲ್ಲ. ಮದುವೆಯ ಚಿತ್ರಗಳಿಗೆ ಅದು ಸರಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಂತೆ ಒಂದೇ ದಿನ ನೂರು ಕಡೆ ನಷ್ಟವಾದರೆ ದಿನಾಂಕದಿಂದ ಏನು ತಿಳಿದೀತು? ಅದೂ ಅಲ್ಲದೆ ಎಲೆಚುಕ್ಕಿ ರೋಗ ಒಂದು ತೋಟದಲ್ಲಿ ವರ್ಷದಿಂದ ವರ್ಷಕ್ಕೆ ಹೇಗೆ ಹಬ್ಬಿತೆಂದು ನೋಡಬೇಕಾದರೆ ಆ ತೋಟದ ಚಿತ್ರಗಳೆಲ್ಲ ಒಂದೆಡೆ ಇರಬೇಕು. ಮೊದಲು ತೋಟ, ಅದರೊಳಗೆ ದಿನಾಂಕ. ಹವಾಮಾನ ಆಧಾರಿತ ಬೆಳೆ ವಿಮೆಗೆ ಮಾಪನ ಕೇಂದ್ರದ ಲೆಕ್ಕವೇ ಆಧಾರ, ಅಲ್ಲಿ ಚಿತ್ರದ ಮಾತಿಲ್ಲ, ನಿಜ. ಆದರೆ ಧರೆ ಕುಸಿತಕ್ಕೆ ಮಾಪನ ಕೇಂದ್ರ ಸಾಕ್ಷಿ ಹೇಳುವುದಿಲ್ಲ.

ಇದನ್ನು ಸಾಧಿಸುವುದು ಕಷ್ಟವೇನಲ್ಲ. ಒಂದೊಂದು ತೋಟಕ್ಕೂ ಒಂದು ಫೋಲ್ಡರ್ ಮಾಡಿ, ಮೂಲ ಚಿತ್ರಗಳನ್ನು ಅದರಲ್ಲೇ ಇಡಬೇಕು. ಎಕ್ಸ್‌ಪೋರ್ಟ್ ಮಾಡುವಾಗ ಬೇರೊಂದು ಜಾಗ ತೋರಿಸದೆ, ‘ಮೂಲ ಚಿತ್ರವಿರುವ ಫೋಲ್ಡರ್’ ಎಂಬುದನ್ನೇ ಆರಿಸಿ, ಸಬ್‌ಫೋಲ್ಡರಿಗೆ ‘ಅರ್ಜಿ’ ಎಂಬ ಹೆಸರು ಕೊಟ್ಟರಾಯಿತು. ಇಪ್ಪತ್ತು ತೋಟಗಳ ಚಿತ್ರಗಳನ್ನು ಒಟ್ಟಿಗೆ ಕಳಿಸಿದರೂ ಪ್ರತಿಗಳು ಆಯಾ ತೋಟದೊಳಗೇ ಬೀಳುತ್ತವೆ. ಹೆಸರಿನಲ್ಲಿ ಸದಸ್ಯತ್ವದ ಸಂಖ್ಯೆ ಮೊದಲು, ಆಮೇಲೆ ವರ್ಷ, ತಿಂಗಳು, ದಿನ. ವರ್ಷ ಮುಂದಿದ್ದರೆ ಸಾಲು ತಾನಾಗಿ ಸರಿಯಾಗುತ್ತದೆ. ಮನೆಯಲ್ಲೇ ಮಾಡಿಕೊಳ್ಳುವವರಿಗೆ ಉಚಿತವಾಗಿ ಸಿಗುವ ಡಿಜಿಕ್ಯಾಮ್ ಸಾಕು, ಅದರಲ್ಲಿಯೂ ಇಂಥ ಏರ್ಪಾಡಿದೆ.

ಸದಸ್ಯರಲ್ಲಿ ಒಂದೇ ವಿನಂತಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿನಂತೆ ಚಿತ್ರ ಕಳಿಸಿದರೆ ಅದು ಕುಗ್ಗುವುದಲ್ಲದೆ, ತೆಗೆದ ದಿನ, ಸ್ಥಳಗಳ ವಿವರವೂ ಅಳಿದುಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೆ ಫೋನನ್ನೇ ಕಚೇರಿಗೆ ತನ್ನಿ. ಹಳೆಯ ಮಿಶ್ರ ಫೋಲ್ಡರಿನಲ್ಲಿ ಯಾರದೆಂದು ತಿಳಿಯದ ಚಿತ್ರಗಳು ಇನ್ನೂ ಉಳಿದಿವೆ. ಪಾಸ್‌ಬುಕ್ಕಿಗೆಂದು ಬಂದಾಗ ಹತ್ತು ನಿಮಿಷ ಕೂತು, ನಿಮ್ಮ ತೋಟವನ್ನು ಗುರುತಿಸಿ ಹೋಗಬೇಕು.