ನದಿಗೆ ಮೀನು ಬಿಟ್ಟರೆ ಸಾಕೇ?

ಮಳೆ ಹಿಡಿದು ಜಲಾಶಯಗಳು ತುಂಬಿದವೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಎರಡು ಚಿತ್ರಗಳು ತಪ್ಪುವುದಿಲ್ಲ. ಒಂದು ಬಾಗಿನ ಅರ್ಪಣೆಯದು. ಇನ್ನೊಂದು ಮೀನುಮರಿ ಬಿತ್ತನೆಯದು. ನೀರು ತುಂಬಿದ ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚಿ ಶಾಸಕರು ಮರಿಗಳನ್ನು ಸುರಿಯುತ್ತಿರುತ್ತಾರೆ, ಅಧಿಕಾರಿಗಳು ಚೀಲಕ್ಕೆ ಕೈ ತಾಗಿಸಿಕೊಂಡು ಕ್ಯಾಮೆರಾ ನೋಡುತ್ತಿರುತ್ತಾರೆ. ಎಷ್ಟು ಲಕ್ಷ ಮರಿ ಬಿಟ್ಟರು ಎಂಬ ಲೆಕ್ಕ ಚಿತ್ರದ ಕೆಳಗಿರುತ್ತದೆ. ಅದು ಯಾವ ಮೀನು, ಈ ನದಿಯದ್ದೋ ಅಲ್ಲವೋ ಎಂಬ ಮಾತು ಇರುವುದೇ ಅಪರೂಪ. ಕಾವೇರಿಯಲ್ಲಿ ಯಾರೂ ಕೇಳದೆ ಬಿಟ್ಟ ಈ ಪ್ರಶ್ನೆಗೆ ಅಲ್ಲಿನ ಮೂಲನಿವಾಸಿ ಮೀನೊಂದು ಬೆಲೆ ತೆರುತ್ತಿದೆ.

ಅದು ಡುಬ್ಬದ ಮಹಸೀರ್. ತಲೆಯ ಹಿಂದೆಯೇ ಬೆನ್ನು ಗುಡ್ಡದಂತೆ ಎದ್ದ, ಕಿತ್ತಳೆ ಬಣ್ಣದ ರೆಕ್ಕೆಗಳ ಈ ಮೀನು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನ ಬೇರೆ ಯಾವ ನೀರಿನಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಸೀರ್ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಗಿ ವಿಶ್ವದಾಖಲೆಯಾಯಿತು. ಆದರೆ ಇಷ್ಟು ಹೆಸರುವಾಸಿಯಾದ ಕಾವೇರಿಯ ಈ ದೈತ್ಯನಿಗೆ ವೈಜ್ಞಾನಿಕ ಹೆಸರು ಖಚಿತವಾಗಲು 2018 ಬರಬೇಕಾಯಿತು. ಕಾವೇರಿ ಕಣಿವೆಗೇ ಸೇರಿದ ಕೇರಳದ ಪಾಂಬಾರ್ ಹೊಳೆಯ ಮೀನೊಂದಕ್ಕೆ 2007ರಲ್ಲಿ ‘ಟಾರ್ ರೆಮಾದೇವಿ’ ಎಂದು ಹೆಸರಿಡಲಾಗಿತ್ತು. ಅದೂ ಡುಬ್ಬದ ಮಹಸೀರೂ ಒಂದೇ ಎಂದು ಸಂಶೋಧಕರು ತೋರಿಸಿದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಳಿವಿನ ಅತಿ ಗಂಭೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ನಾಮಕರಣದ ದಿನವೇ ಕೂಸನ್ನು ಆಸ್ಪತ್ರೆಗೆ ಸೇರಿಸಿದಂತಾಯಿತು.

ಈ ಸ್ಥಿತಿಗೆ ಉದಾಸೀನವೊಂದೇ ಕಾರಣವಾಗಿದ್ದರೆ ಹೇಳುವುದು ಸುಲಭವಿತ್ತು. ಇಲ್ಲಿ ಕಾಳಜಿಯೂ ಕೈಕೊಟ್ಟಿದೆ. ಮಹಸೀರ್ ಕಡಿಮೆಯಾಗುತ್ತಿದೆ ಎಂಬ ಕೂಗಿಗೆ 1970ರ ದಶಕದಿಂದ ಸಿಕ್ಕ ಉತ್ತರ ಮರಿ ಉತ್ಪಾದನೆ. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ಪವರ್ ಕಂಪನಿಯ ಮರಿ ಉತ್ಪಾದನಾ ಕೇಂದ್ರ ನೀಲಿ ರೆಕ್ಕೆಯ ಮಹಸೀರ್ ಅನ್ನು ಕೃತಕವಾಗಿ ಮರಿ ಮಾಡಿಸುವುದರಲ್ಲಿ ಯಶಸ್ವಿಯಾಯಿತು. ಅದರ ಮರಿಗಳು ದೇಶದ ಹಲವು ನದಿಗಳಿಗೆ ಹೋದವು, ಕಾವೇರಿಗೂ ಬಂದವು. ಆದರೆ ನೀಲಿ ರೆಕ್ಕೆಯದು ಕೃಷ್ಣಾ ಕೊಳ್ಳದ ಮೀನು. 1839ರಲ್ಲಿ ಪ್ರಾಣಿತಜ್ಞ ಸೈಕ್ಸ್ ಅದನ್ನು ವಿವರಿಸಿದ್ದು ಪುಣೆ ಬಳಿಯ ಮುಳಾ-ಮುಠಾ ಹೊಳೆಯಿಂದ. ಎಲ್ಲವೂ ಮಹಸೀರ್ ತಾನೇ ಎಂಬ ಭಾವನೆಯಲ್ಲಿ ಯಾವ ಮಹಸೀರ್ ಎಂಬುದು ಯಾರ ತಲೆಗೂ ಹೋಗಲಿಲ್ಲ.

ಪರಿಣಾಮದ ಲೆಕ್ಕ ಸಿಕ್ಕಿದ್ದು ಸರ್ಕಾರಿ ಕಡತದಿಂದಲ್ಲ, ಗಾಳ ಹಾಕುವ ಹವ್ಯಾಸಿಗಳ ದಿನಚರಿಯಿಂದ. ಕನಕಪುರ ತಾಲ್ಲೂಕಿನ ಗಾಲಿಬೋರೆಯಲ್ಲಿ ಮೀನು ಹಿಡಿದು, ತೂಗಿ, ಮತ್ತೆ ನೀರಿಗೇ ಬಿಡುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ಆರು ಸಾವಿರಕ್ಕೂ ಹೆಚ್ಚು ಮೀನುಗಳ ದಾಖಲೆಯನ್ನು ಸಂಶೋಧಕರು ವಿಶ್ಲೇಷಿಸಿದರು. ನೀಲಿ ರೆಕ್ಕೆಯವು ಹೆಚ್ಚುತ್ತಾ ಹೋದಂತೆ ಡುಬ್ಬದವು ಇಳಿಯುತ್ತಾ ಬಂದಿದ್ದವು. ಕೊನೆಕೊನೆಗೆ ಗಾಳಕ್ಕೆ ಸಿಗುತ್ತಿದ್ದ ಡುಬ್ಬದ ಮೀನುಗಳ ಸರಾಸರಿ ತೂಕ ಏರಿತ್ತು. ಹಿಗ್ಗುವ ಸುದ್ದಿಯಲ್ಲ ಇದು. ಮುದುಕರು ಮಾತ್ರ ಉಳಿದು ಮಕ್ಕಳೇ ಇಲ್ಲದ ಊರಿನ ಜನಗಣತಿ. ವಿಪರ್ಯಾಸ ನೋಡಿ: ಹಿಂದೆ ಅಪಾಯದ ಪಟ್ಟಿಯಲ್ಲಿದ್ದ ನೀಲಿ ರೆಕ್ಕೆಯ ಮಹಸೀರ್ 2018ರಲ್ಲಿ ‘ಚಿಂತೆಯಿಲ್ಲ’ ಎಂಬ ವರ್ಗಕ್ಕೆ ಇಳಿಯಿತು.

ಹಾಗೆಂದು ಹೊರಗಿನ ಮರಿಗಳ ಮೇಲೆ ಎಲ್ಲ ಪಾಪವನ್ನೂ ಹೇರುವುದು ನ್ಯಾಯವಲ್ಲ. ಮಹಸೀರ್ ಹರಿಯುವ ನೀರಿನ ಮೀನು. ಮಳೆಗಾಲದಲ್ಲಿ ಹೊಳೆಯ ಮೇಲಕ್ಕೆ ಈಜಿ, ಬೆಣಚುಕಲ್ಲಿನ ಹಾಸಿನ ಮೇಲೆ ಮೊಟ್ಟೆಯಿಡುತ್ತದೆ. ಆ ದಾರಿಗೆ ಅಣೆಕಟ್ಟುಗಳು ಅಡ್ಡ ನಿಂತಿವೆ: ಮೇಲೆ ಕನ್ನಂಬಾಡಿ ಕಟ್ಟೆ, ಕೆಳಗೆ 1934ರ ಮೆಟ್ಟೂರು, ಪಕ್ಕದಲ್ಲಿ ಕಬಿನಿ. ನಡುವೆ ಉಳಿದ ತುಂಡು ನದಿಯ ಪಾತ್ರದಿಂದ ಮರಳು ಹೋಯಿತು, ಗುಂಡಿಗಳಿಗೆ ಸಿಡಿಮದ್ದಿನ ತೋಟೆ ಬಿತ್ತು. ಇದರ ಮೇಲೆ ಬೆಂಗಳೂರಿನ ಋಣ ಬೇರೆ. ರಾಜಧಾನಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಎತ್ತಿಕೊಂಡು ಕುಡಿಯುತ್ತದೆ. 2024ರಲ್ಲಿ ಚಾಲನೆಯಾದ ಐದನೇ ಹಂತವೊಂದೇ ದಿನಕ್ಕೆ 775 ದಶಲಕ್ಷ ಲೀಟರಿನದು. ಬಳಸಿದ ಮೇಲೆ ಆ ನೀರಿನ ಒಂದು ಪಾಲು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಗೆ ಬೀಳುತ್ತದೆ. ಡುಬ್ಬದ ಮಹಸೀರ್ ಬಾಳಿದ ನೀರು ಅದೇ.

ಇದರಲ್ಲಿ ಸ್ಥಳೀಯ ಸರ್ಕಾರಗಳ ಪಾತ್ರವೇನು? ಕಾಗದದ ಮೇಲೆ ಬೇಕಾದಷ್ಟಿದೆ. ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳಿಗೆ ಗುರುತಿಸಿರುವ 29 ವಿಷಯಗಳಲ್ಲಿ ಐದನೆಯದು ಮೀನುಗಾರಿಕೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲಾತಿ ಇರಬೇಕು. ಸ್ಥಳೀಯ ಸಂಸ್ಥೆಗಳ ಜತೆ ಸಮಾಲೋಚಿಸಿ ರಾಜ್ಯ ಸರ್ಕಾರ ಒಂದು ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಬಹುದು. 2007ರಲ್ಲಿ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿಗೆ ಆ ಪಟ್ಟ ಕೊಟ್ಟು ದೇಶಕ್ಕೇ ಮೊದಲಿಗರಾದವರು ನಾವು. ಹುಣಸೆಮರಕ್ಕೆ ಸಿಕ್ಕ ಮಾನ ಹೊಳೆಯ ಮಡುವಿಗೂ ಸಿಗಬಾರದೇಕೆ? ಆದರೆ ಎಷ್ಟೋ ಕಡೆ ಈ ಸಮಿತಿ ಇರುವುದು ಪಿಡಿಒ ಮೇಜಿನ ಕಡತದಲ್ಲಿ. ಸದಸ್ಯರಿಗೇ ತಾವು ಸದಸ್ಯರೆಂಬುದು ಗೊತ್ತಿರುವುದಿಲ್ಲ.

ಮೀನು ಕಾಯುವುದು ಆಡಳಿತದ ಕೆಲಸ ಎಂಬುದು ಹೊಸ ವಿಚಾರವೂ ಅಲ್ಲ. ದಕ್ಷಿಣ ಕನ್ನಡದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್, ಆ ಜಿಲ್ಲೆಯ ಮೀನು ಕೃಷಿಯ ಬಗ್ಗೆ 1870ರಲ್ಲೇ ವರದಿ ಬರೆದಿದ್ದ. ಮೀನು ತಜ್ಞ ಫ್ರಾನ್ಸಿಸ್ ಡೇ 1873ರಲ್ಲಿ ಇಡೀ ದೇಶದ ಸಿಹಿನೀರು ಮೀನುಗಾರಿಕೆಯ ವರದಿ ಕೊಟ್ಟ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ನೀರಿಗೆ ಸಿಡಿಮದ್ದು ಹಾಕುವುದನ್ನೂ ವಿಷ ಬೆರೆಸುವುದನ್ನೂ ಅಪರಾಧವೆಂದಿತು. ಕಾನೂನಿಗೆ ಈಗ ನೂರಿಪ್ಪತ್ತೈದು ದಾಟಿದೆ. ತೋಟೆಯ ಸದ್ದು ಮಾತ್ರ ಇನ್ನೂ ನಿಂತಿಲ್ಲ. ಮಡುವಿನಲ್ಲಿ ಸದ್ದಾದಾಗ ಅದನ್ನು ಕೇಳಿಸಿಕೊಳ್ಳುವ ಅಂತರದಲ್ಲಿ ಮೀನುಗಾರಿಕೆ ಇಲಾಖೆಯ ಕಚೇರಿ ಇರುವುದಿಲ್ಲ, ಊರು ಇರುತ್ತದೆ.

ಊರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇವರ ಮೀನುಗಳೇ ಸಾಕ್ಷಿ. ಶೃಂಗೇರಿಯ ತುಂಗೆಯ ಮೆಟ್ಟಿಲ ಬಳಿ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿಯಲ್ಲಿ ಮಂಡಕ್ಕಿಗೆ ಬಾಯಿ ತೆರೆದು ಮುಗಿಬೀಳುವ ಮೀನುಗಳನ್ನು ನೋಡದ ಪ್ರವಾಸಿ ಕಡಿಮೆ. ಅಲ್ಲಿ ಗಾಳ ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ. 1996ರಲ್ಲಿ ಶಿಶಿಲದ ಹೊಳೆಗೆ ಕಿಡಿಗೇಡಿಗಳು ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರವರು ಅವುಗಳಿಗೆ ಸ್ಮಾರಕ ಕಟ್ಟಿದರು. ಸತ್ತ ಮೀನಿಗೆ ಕಲ್ಲು ನಿಲ್ಲಿಸುವ ಊರಿಗೆ ಸಂರಕ್ಷಣೆಯ ಪಾಠ ಹೇಳಬೇಕಿಲ್ಲ.

ಆದರೆ ಭಕ್ತಿಗೂ ಗಡಿಯಿದೆ. ದೇವಸ್ಥಾನ ಕಾಯುವುದು ತನ್ನ ಸೋಪಾನದ ಮುಂದಿನ ಒಂದು ತುಂಡು ನೀರನ್ನು. ಮೀನಿಗೆ ಬೇಕಾದದ್ದು ಮೊಟ್ಟೆಯಿಡಲು ಏರಿಹೋಗುವ ಇಡೀ ದಾರಿ. ಮೊದಲ ಮಳೆಗೆ ಹಳ್ಳ, ಗದ್ದೆಯ ತೋಡುಗಳಿಗೆ ನುಗ್ಗಿ ಬರುವ ಹತ್ತುಮೀನುಗಳಿಗಾಗಿ ಮಲೆನಾಡಿನವರು ಕೂಣಿ ಎಂಬ ಮೀನಿನ ಬೋನು ಇಟ್ಟು ಕಾಯುವುದು ಗೊತ್ತೇ ಇದೆ. ಹಿಂದೆ ಅದು ಮನೆಯ ಸಾರಿನ ಮಟ್ಟದ ಬೇಟೆಯಾಗಿತ್ತು. ಹಳ್ಳದ ಬಾಯಿಗೇ ಅಡ್ಡ ಬಲೆ ಕಟ್ಟಿ, ಬ್ಯಾಟರಿ ತಂತಿಯಿಂದ ಶಾಕ್ ಕೊಟ್ಟು ಹಿಡಿದರೆ ಅದು ಬೇಟೆಯಲ್ಲ, ಹೊಟ್ಟೆಯೊಳಗಿನ ಮುಂದಿನ ವರ್ಷದ ಮೀನನ್ನೂ ಸೇರಿಸಿ ಕೊಲ್ಲುವುದು. ಯಾವ ಹಳ್ಳದಲ್ಲಿ, ಯಾವ ವಾರ ಮೀನು ಹತ್ತುತ್ತದೆ ಎಂಬುದು ವಿಧಾನಸೌಧಕ್ಕೆ ತಿಳಿಯದು, ವಾರ್ಡ್ ಸದಸ್ಯನಿಗೆ ತಿಳಿಯುತ್ತದೆ. ಸ್ಥಳೀಯ ಸರ್ಕಾರ ಬೇಕಿರುವುದು ಇಂಥ ಕಡೆ.

ಪಂಚಾಯಿತಿಗಳನ್ನು ನಂಬಬಹುದೇ ಎಂಬ ಅನುಮಾನ ಸಹಜ. ಮರಳಿನ ವಿಷಯದಲ್ಲಿ ಸದಸ್ಯರೇ ಪಾಲುದಾರರಾಗಿರುವ ದೂರುಗಳಿವೆ. ಕೆರೆಯ ಮೀನು ಹರಾಜು ಪಂಚಾಯಿತಿಗೆ ಆದಾಯ, ಗುತ್ತಿಗೆ ಹಿಡಿದವನಿಗೆ ಬೇಗ ಬೆಳೆಯುವ ಕಾಟ್ಲಾ, ರೋಹು ಬೇಕು. ಗಂಗಾ ಬಯಲಿನ ಈ ಮೀನುಗಳನ್ನು ಕೆರೆಯಲ್ಲಿ ಸಾಕುವುದು ಬೇಡವೆಂದರೆ ಬೆಸ್ತರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ಹಾಗಾಗಿ ಸಾಕುವ ನೀರು ಬೇರೆ, ಕಾಯುವ ನೀರು ಬೇರೆ ಎಂಬ ಗೆರೆಯನ್ನಾದರೂ ಎಳೆಯಬೇಕು. ಇನ್ನು ಹೊಳೆ ಒಂದೇ ಪಂಚಾಯಿತಿಯದ್ದಲ್ಲ, ಹತ್ತಾರು ಊರು ದಾಟಿ ಹರಿಯುತ್ತದೆ. ಅವನ್ನೆಲ್ಲ ಒಂದೆಡೆ ಕೂರಿಸಬೇಕಾದದ್ದು ಜಿಲ್ಲಾ ಪಂಚಾಯಿತಿ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದ ರಾಜ್ಯದಲ್ಲಿ ಮೀನಿನ ಪರವಾಗಿ ಯಾರು ಸಭೆ ಕರೆಯಬೇಕು?

ಊರವರನ್ನು ಹೊರಗಿಟ್ಟು ಕಾಯುವ ಪ್ರಯೋಗದ ಇತಿಮಿತಿಯನ್ನೂ ಕಾವೇರಿ ಕಂಡಿದೆ. ವನ್ಯಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಕಾನೂನಿನ ಅರ್ಥದಂತೆ ಭೀಮೇಶ್ವರಿ, ದೊಡ್ಡಮಕಳಿ, ಗಾಲಿಬೋರೆಯ ‘ಹಿಡಿದು ಬಿಡುವ’ ಶಿಬಿರಗಳು 2012ರ ಹೊತ್ತಿಗೆ ನಿಂತವು. ಕಾನೂನಿನ ಮಾತು ಸರಿಯಿರಬಹುದು. ಆದರೆ ಹೊಳೆಯ ಗುಂಡಿಗುಂಡಿಯನ್ನೂ ಬಲ್ಲ ಸ್ಥಳೀಯರಿಗೆ ಅಲ್ಲಿ ಕೂಲಿಯಿತ್ತು, ಕೂಲಿಯ ನೆಪದಲ್ಲಿ ಹೊಳೆಗೆ ಕಾವಲಿತ್ತು, ದಿನದ ಲೆಕ್ಕವಿತ್ತು. ಗಾಳ ನಿಂತಾಗ ಲೆಕ್ಕದ ಪುಸ್ತಕವೂ ಮುಚ್ಚಿತು. ಆ ಜಾಗಕ್ಕೆ ಬೇರೊಂದು ಕಾವಲು, ಬೇರೊಂದು ಪುಸ್ತಕ ತರಬೇಕಿತ್ತು.

ಮಾಡಬೇಕಾದದ್ದು ತೀರಾ ಕಷ್ಟದ್ದಲ್ಲ. ಯಾವ ನದಿಗೆ ಯಾವ ಮೀನು ಬಿಡಬಹುದು ಎಂಬ ಕೊಳ್ಳವಾರು ಪಟ್ಟಿಯನ್ನು ಮೀನುಗಾರಿಕೆ ಇಲಾಖೆ ಪ್ರಕಟಿಸಲಿ. ಪಟ್ಟಿಯಲ್ಲಿಲ್ಲದ ಮರಿಯನ್ನು ಹರಿಯುವ ನೀರಿಗೆ ಬಿಡಲು ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಲಿ. ಮಹಸೀರ್ ತಂಗುವ ಮಡುಗಳನ್ನು ದಡದ ಪಂಚಾಯಿತಿಗಳ ಜತೆ ಸೇರಿ ಪಾರಂಪರಿಕ ತಾಣವಾಗಿ ಘೋಷಿಸಲಿ, ಕಾವಲಿಗೆ ಅಲ್ಲಿಯ ಬೆಸ್ತರನ್ನೇ ನೇಮಿಸಲಿ. ಹತ್ತುಮೀನಿನ ವಾರಗಳಲ್ಲಿ ಅಡ್ಡಬಲೆ ಬೇಡವೆಂದು ಊರೇ ಡಂಗುರ ಸಾರಲಿ. ನೈರ್ಮಲ್ಯಕ್ಕೆಂದೇ ಮೀಸಲಾಗಿ ಬರುವ ಹಣಕಾಸು ಆಯೋಗದ ಅನುದಾನದಲ್ಲಿ ಹೊಳೆದಡದ ಊರುಗಳ ಬಚ್ಚಲುನೀರು ಮೊದಲು ಶುದ್ಧವಾಗಲಿ. ಬೆಂಗಳೂರಿನ ಪಾಲಿಕೆಗಳೂ ಜಲಮಂಡಳಿಯೂ ತಮ್ಮನ್ನು ಕಾವೇರಿಯ ಸ್ಥಳೀಯ ಸಂಸ್ಥೆಗಳೆಂದೇ ತಿಳಿಯಲಿ. ಕುಡಿಯುವಾಗ ಇರುವ ನಂಟು ಹೊರಹಾಕುವಾಗ ಕಡಿಯಬಾರದು.

ಇಷ್ಟನ್ನು ಹೇಳಿ ಕಾವೇರಿಯ ಮೇಕೆದಾಟು ಅಣೆಕಟ್ಟಿನ ಬಗ್ಗೆ ಸುಮ್ಮನಿರುವುದು ಅಪ್ರಾಮಾಣಿಕತೆ. 67 ಟಿಎಂಸಿ ಅಡಿ ನೀರು ನಿಲ್ಲಿಸುವ ಆ ಪ್ರಸ್ತಾವ ಕುಡಿಯುವ ನೀರಿನ ಹೆಸರಿನದು, ನಾಡಿನ ಭಾವನೆಯೂ ಅದಕ್ಕೆ ಬೆಸೆದಿದೆ. ಅದು ಮುಳುಗಿಸುವುದರಲ್ಲಿ ಹೆಚ್ಚಿನದು ಕಾಡು, ಮತ್ತು ಡುಬ್ಬದ ಮಹಸೀರ್ ಹೆಸರಾಗಿದ್ದ ಹರಿವಿನ ಭಾಗ. ಕಟ್ಟಬೇಕೋ ಬೇಡವೋ ಎಂಬುದು ದೊಡ್ಡ ಚರ್ಚೆ. ಕಳೆದುಕೊಳ್ಳುವುದರ ಪಟ್ಟಿಯಲ್ಲಿ ಈ ಮೀನಿನ ಹೆಸರೂ ಇರಬೇಕು, ಅದನ್ನು ಬರೆಸುವ ಹಕ್ಕು ಆ ದಡದ ಪಂಚಾಯಿತಿಗಳಿಗೂ ಇರಬೇಕು ಎಂಬಷ್ಟೇ ಇಲ್ಲಿಯ ವಾದ.

ಮುಂದಿನ ಮಳೆಗಾಲದಲ್ಲೂ ಚೀಲಗಳು ಬರುತ್ತವೆ, ಫೋಟೊ ತೆಗೆಯುವವರೂ ಬರುತ್ತಾರೆ. ಚೀಲದ ಬಾಯಿ ಬಿಚ್ಚುವ ಮೊದಲು ದಡದಲ್ಲಿ ನಿಂತ ಪಂಚಾಯಿತಿ ಸದಸ್ಯೆಯೊಬ್ಬರು ‘ಇದು ಯಾವ ಮೀನು ಸ್ವಾಮಿ, ನಮ್ಮ ಹೊಳೆಯದ್ದೇನು?’ ಎಂದು ಕೇಳಲಿ. ಉತ್ತರ ಬರುವವರೆಗೆ ಚೀಲ ಕಟ್ಟಿಯೇ ಇರಲಿ.