ಬೇಟೆ ಹಕ್ಕಿಗಳನ್ನು ಎಣಿಸೋಣ, ಸೊನ್ನೆಯನ್ನೂ ಬರೆಯೋಣ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಎಣಿಕೆ ಹೊಸದಲ್ಲ. ಯಾವ ಮರ ಎಷ್ಟು ಕಾಯಿ ಬಿಡುತ್ತದೆ, ಕೊಬ್ಬರಿ ಕ್ವಿಂಟಲ್‌ಗೆ ಎಷ್ಟಾಯಿತು ಎಂಬುದು ಮನೆಮನೆಯಲ್ಲೂ ಬಾಯಿಪಾಠ. ಆದರೆ ಚಳಿಗಾಲವನ್ನು ನಮ್ಮ ಕಡೆಯ ಬಯಲುಗಳಲ್ಲಿ ಕಳೆದು ಮಾರ್ಚ್, ಏಪ್ರಿಲ್‌ನಲ್ಲಿ ಉತ್ತರಕ್ಕೆ ಮರಳುವ ಬೇಟೆ ಹಕ್ಕಿಗಳ ಲೆಕ್ಕ ನಮ್ಮ ಕಾಲೇಜಿನಲ್ಲಿ ಯಾರ ಬಳಿಯೂ ಇಲ್ಲ. ಬರುವ ಮಾರ್ಚ್‌ನಿಂದ ಒಂದು ಬೆಟ್ಟದ ಮೇಲೆ ನಿಂತು ಆ ಲೆಕ್ಕವನ್ನು ನಾವೇ ಶುರು ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಆಕಾಶದಲ್ಲಿ ಹಾರುವ ದೊಡ್ಡ ಹಕ್ಕಿಗಳೆಲ್ಲ ನಮಗೆ ಹದ್ದು ಅಥವಾ ಗರುಡ. ಮನೆಯಲ್ಲಿ ಉರ್ದು ಮಾತನಾಡುವವರಿಗೆ ಎಲ್ಲವೂ ಚೀಲ್. ಶಾಹೀನ್ ಎಂಬ ಹೆಸರಿನವರು ತರಗತಿಗೊಬ್ಬರಾದರೂ ಇದ್ದಾರೆ, ಆ ಹೆಸರಿನ ಹಕ್ಕಿಯನ್ನು ನೋಡಿದವರು ಎಷ್ಟು ಜನ? ಪಕ್ಷಿ ಪುಸ್ತಕಗಳಲ್ಲಿ ಸೆಳೆವ ಎಂದು ಕರೆಯುವ ಹ್ಯಾರಿಯರ್ ಹಕ್ಕಿಯ ಕಥೆ ಇನ್ನೂ ದೊಡ್ಡದು. ತೆಳ್ಳನೆಯ ಉದ್ದ ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹೊಲದ ಮೇಲೆ ತೀರ ತಗ್ಗಿನಲ್ಲಿ ತೇಲುತ್ತಾ ಇದು ಮಿಡತೆ, ಇಲಿ, ಸಣ್ಣ ಹಕ್ಕಿಗಳನ್ನು ಹಿಡಿಯುತ್ತದೆ. ಭಾರತದಲ್ಲಿ ಚಳಿಗಾಲ ಕಳೆದ ಮೊಂಟಾಗು ಹ್ಯಾರಿಯರ್‌ಗಳಿಗೆ ಉಪಗ್ರಹ ಸಾಧನ ಕಟ್ಟಿ ನೋಡಿದಾಗ, ಅವು ಪಾಕಿಸ್ತಾನ, ಅಫ್ಘಾನಿಸ್ತಾನ ದಾಟಿ ಕಜಕಿಸ್ತಾನದ ಹುಲ್ಲುಗಾವಲಿಗೆ ಹೋದದ್ದು ಗೊತ್ತಾಯಿತು. ನಮ್ಮದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಬಯಲಿಗೂ ಹ್ಯಾರಿಯರ್‌ಗಳು ಬರುತ್ತವೆ.

ಈ ಹಕ್ಕಿ ರಾತ್ರಿ ಮಲಗುವುದು ಮರದ ಮೇಲಲ್ಲ, ನೆಲದ ಮೇಲಿನ ಹುಲ್ಲಿನಲ್ಲಿ. ಅದಕ್ಕೆ ಬಯಲೇ ಬೇಕು. ನಮ್ಮಲ್ಲಿ ಕೊಳವೆಬಾವಿ ಬಂದಂತೆ ರಾಗಿ ಹೊಲಗಳು ತೆಂಗು, ಅಡಿಕೆ ತೋಟಗಳಾಗುತ್ತಿವೆ. ನಾನು ತೋಟದ ವಿರುದ್ಧ ಮಾತನಾಡುತ್ತಿಲ್ಲ. ನಮ್ಮ ಮನೆ ನಡೆಯುವುದೂ, ನನ್ನ ಫೀಸು ಕಟ್ಟುವುದೂ ತೆಂಗಿನಿಂದಲೇ. ನನ್ನ ಮಾತು ಉಳಿದಿರುವ ಗೋಮಾಳ, ಗುಡ್ಡಗಳ ಬಗ್ಗೆ. ಕಂದಾಯ ದಾಖಲೆಯಲ್ಲಿ ಎಷ್ಟೋ ಕಡೆ ಅವು ‘ಖರಾಬು’. ಏನೂ ಇಲ್ಲದ ಜಾಗ ಎಂದು ಒಮ್ಮೆ ಹೆಸರಾದರೆ ಅದನ್ನು ಯಾವುದಕ್ಕೆ ಕೊಟ್ಟರೂ ಕೇಳುವವರಿರುವುದಿಲ್ಲ. ಅಲ್ಲಿ ಏನಿದೆ ಎಂದು ತೋರಿಸಲು ದಿನಾಂಕ ಹಾಕಿದ ಪಟ್ಟಿ ಬೇಕು.

ಎಣಿಸಿದರೆ ಏನು ಉಪಯೋಗ ಎಂದು ಗೆಳೆಯರು ಕೇಳುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾಕ್ ಮೌಂಟನ್ ಎಂಬ ಬೆಟ್ಟವಿದೆ. ವಲಸೆ ಹೋಗುವ ಗಿಡುಗಗಳನ್ನು ಅಲ್ಲಿ ಜನ ಮೋಜಿಗಾಗಿ ಗುಂಡಿಟ್ಟು ಕೊಲ್ಲುತ್ತಿದ್ದರು. 1934ರಲ್ಲಿ ರೋಸಲೀ ಎಡ್ಜ್ ಎಂಬ ಮಹಿಳೆ ಬೆಟ್ಟವನ್ನು ಗುತ್ತಿಗೆಗೆ ಪಡೆದು ಬೇಟೆ ನಿಲ್ಲಿಸಿದರು. ಅಲ್ಲಿಗೆ ಕಾವಲಿಗೆ ಬಂದ ಮಾರಿಸ್ ಬ್ರೌನ್ ಹಕ್ಕಿಗಳನ್ನು ಎಣಿಸತೊಡಗಿದರು. 1935ರಿಂದ 1939ರವರೆಗೆ ಅಲ್ಲಿ ಕಂಡ ಬಿಳಿತಲೆಯ ಹದ್ದುಗಳಲ್ಲಿ ಶೇ 40 ಎಳೆಯ ಹಕ್ಕಿಗಳು. 1955ರಿಂದ 1959ರಲ್ಲಿ ಅದು ಶೇ 20ಕ್ಕೆ ಇಳಿದಿತ್ತು. ರೇಚಲ್ ಕಾರ್ಸನ್ 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಕೀಟನಾಶಕಗಳ ವಿರುದ್ಧ ವಾದಿಸುವಾಗ ಈ ಲೆಕ್ಕವನ್ನೂ ಮುಂದಿಟ್ಟರು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. ಎಣಿಸುತ್ತಿದ್ದಾಗ ಬ್ರೌನ್ ಅವರಿಗೆ ಇದೆಲ್ಲ ಗೊತ್ತಿರಲಿಲ್ಲ. ಅವರು ಬರೆದಿಟ್ಟರು, ಅಷ್ಟೆ.

ನಮ್ಮ ದೇಶದಲ್ಲೂ ಅಷ್ಟೇ. 2023ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ತಯಾರಾದದ್ದು ಸುಮಾರು 30,000 ಪಕ್ಷಿವೀಕ್ಷಕರು ಬರೆದ 3 ಕೋಟಿ ದಾಖಲೆಗಳಿಂದ. ಅವರಲ್ಲಿ ಬಹಳಷ್ಟು ಜನ ನಮ್ಮಂಥ ಸಾಮಾನ್ಯರು. ಬೇಟೆ ಹಕ್ಕಿಗಳೂ ಬಯಲಿನ ಹಕ್ಕಿಗಳೂ ಹೆಚ್ಚು ಕಡಿಮೆಯಾಗುತ್ತಿವೆ ಎಂದು ಆ ವರದಿ ಹೇಳುತ್ತದೆ.

ನಮ್ಮ ಬೆಟ್ಟದ ಮೇಲೆ ಸಾವಿರಾರು ಹಕ್ಕಿಗಳು ಸಾಲಾಗಿ ಹೋಗುತ್ತವೆ ಎಂಬ ಆಸೆ ಬೇಡ. ಕಿರಿದಾದ ಜಲಸಂಧಿ, ಎತ್ತರದ ಪರ್ವತ ಇರುವ ಕಡೆ ಅವು ಒಟ್ಟುಗೂಡುತ್ತವೆ, ಇಲ್ಲಿ ಚದುರಿ ಹೋಗುತ್ತವೆ. ಒಂದು ಬೆಳಗ್ಗೆ ಎರಡು ಕಾಣಬಹುದು, ಇನ್ನೊಂದು ದಿನ ಒಂದೂ ಇಲ್ಲ. ಆ ಸೊನ್ನೆಯನ್ನೂ ಬರೆಯಬೇಕು. ಇದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. 29ನೇ ಸಂಜೆ ಮಾಳಿಗೆ ಹತ್ತಿ ಚಂದ್ರನನ್ನು ಹುಡುಕುತ್ತೇವೆ. ಕಾಣದಿದ್ದರೆ ನೋಡಿದ್ದು ವ್ಯರ್ಥವಾಯಿತು ಎನ್ನುವುದಿಲ್ಲ, ತಿಂಗಳನ್ನು 30ಕ್ಕೆ ಪೂರ್ತಿ ಮಾಡುತ್ತೇವೆ. ಕಾಣಲಿಲ್ಲ ಎಂಬುದೂ ಸಾಕ್ಷಿಯೇ. ಹತ್ತು ವರ್ಷದ ಎರಡು, ಮೂರು, ಸೊನ್ನೆಗಳನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ಹಕ್ಕಿ ಕಡಿಮೆಯಾಯಿತೋ ಹೆಚ್ಚಾಯಿತೋ ತಿಳಿಯುತ್ತದೆ.

ಬೆಟ್ಟವೇ ಏಕೆ? ತೋಟದೊಳಗೆ ನಿಂತರೆ ತೆಂಗಿನ ಗರಿಗಳ ನಡುವೆ ತುಂಡು ಆಕಾಶವಷ್ಟೇ ಕಾಣುತ್ತದೆ. ಬಿಸಿಲೇರಿದಂತೆ ಬಂಡೆಗಳು ಕಾದು ಬಿಸಿಗಾಳಿ ಮೇಲೇಳುತ್ತದೆ. ದೊಡ್ಡ ಹಕ್ಕಿಗಳು ಅದರಲ್ಲಿ ಸುತ್ತುತ್ತಾ ಏರಿ, ರೆಕ್ಕೆ ಬಡಿಯದೆ ಮುಂದಕ್ಕೆ ಜಾರುತ್ತವೆ. ಎತ್ತರದಲ್ಲಿ ನಿಂತರೆ ಇದೆಲ್ಲ ಕಣ್ಣಿಗೆ ಬೀಳುತ್ತದೆ. ತಿಪಟೂರು ತಾಲ್ಲೂಕಿನ ಹತ್ಯಾಳು ಬೆಟ್ಟ ಆಗಬಹುದು, ಚಿಕ್ಕನಾಯಕನಹಳ್ಳಿ ಕಡೆಯ ಯಾವುದಾದರೂ ಗುಡ್ಡವೂ ಆಗಬಹುದು. ದೇವಸ್ಥಾನವಿರುವ ಕಡೆ ಅಲ್ಲಿನವರಿಗೆ ತಿಳಿಸಿ, ಅರಣ್ಯವಾದರೆ ಇಲಾಖೆಯ ಅನುಮತಿ ಪಡೆದು ಹೋಗೋಣ. ಆದರೆ ಪ್ರತಿ ವರ್ಷವೂ ಅದೇ ಜಾಗ, ಅದೇ ಹೊತ್ತು ಇರಬೇಕು. ಶುರುವಾದ ಸಮಯ, ಮುಗಿದ ಸಮಯ, ಎಷ್ಟು ಜನ ನೋಡಿದರು, ಮೋಡವಿತ್ತೇ ಎಂಬುದನ್ನು ಬರೆಯಬೇಕು. ಅಲ್ಲೇ ಸುತ್ತುವ ಊರಿನ ಹದ್ದುಗಳಿಗೆ ಒಂದು ಕಾಲಂ, ಉತ್ತರಕ್ಕೆ ನೇರವಾಗಿ ದಾಟಿದವಕ್ಕೆ ಒಂದು, ಗುರುತು ಸಿಗದವಕ್ಕೆ ಇನ್ನೊಂದು. ಊಹೆ ಮಾಡಿ ಹೆಸರು ಬರೆಯುವುದು ಬೇಡ.

ಅಡ್ಡಿಗಳಿವೆ. ಮಾರ್ಚ್ ಎಂದರೆ ದ್ವಿತೀಯ ಪಿಯುಸಿ ಪರೀಕ್ಷೆ, ಆದ್ದರಿಂದ ಇದು ಪ್ರಥಮ ಪಿಯುಸಿಯವರಾದ ನಮ್ಮ ಕೆಲಸ. ಈಚಿನ ವರ್ಷಗಳಲ್ಲಿ ರಂಜಾನ್ ಕೂಡ ಇದೇ ಸಮಯಕ್ಕೆ ಬರುತ್ತಿದೆ. ಉಪವಾಸವಿದ್ದು ಬಿಸಿಲಲ್ಲಿ ಬೆಟ್ಟ ಹತ್ತಬೇಕೆಂದು ನಾನು ಹೇಳುವುದಿಲ್ಲ. ರೋಜಾ ಇರುವವರು ಕಾಲೇಜಿನ ಮಾಳಿಗೆಯ ಮೇಲೆ ಒಂದು ಗಂಟೆ ನಿಂತು ಬೇರೆ ಪಟ್ಟಿ ಬರೆಯಲಿ. ಹೆಣ್ಣುಮಕ್ಕಳು ಬರಬೇಕಾದರೆ ಉಪನ್ಯಾಸಕಿಯೊಬ್ಬರು ಜೊತೆಗಿರಲಿ, ಕಾಲೇಜಿನಿಂದಲೇ ಮನೆಗೆ ಚೀಟಿ ಹೋಗಲಿ. ‘ಹುಡುಗರು ಮಾತ್ರ’ ಎಂದು ಶುರುವಾದರೆ ಅರ್ಧ ಕಾಲೇಜು ಹೊರಗುಳಿಯುತ್ತದೆ.

ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇಷ್ಟೇ: ಮಾರ್ಚ್‌ನ ನಾಲ್ಕು ಭಾನುವಾರ, ಒಂದು ದೂರದರ್ಶಕ, ಗ್ರಂಥಾಲಯದಲ್ಲಿ ಉಳಿಯುವ ಒಂದು ದಪ್ಪ ರಿಜಿಸ್ಟರ್. ನಾವು ಎರಡು ವರ್ಷಕ್ಕೆ ಕಾಲೇಜು ಬಿಟ್ಟು ಹೋಗುವವರು. ರಿಜಿಸ್ಟರ್ ಇಲ್ಲೇ ಇರುತ್ತದೆ, ಮುಂದಿನ ಪುಟವನ್ನು ನಮ್ಮ ತಮ್ಮಂದಿರು, ತಂಗಿಯರು ತುಂಬುತ್ತಾರೆ.