ಮಳೆ ರಜೆಯಲ್ಲಿ ಮಳೆ ಯಾರಿಗೆ?

2024ರ ಅಕ್ಟೋಬರ್‌ನಲ್ಲಿ ಮಳೆಯ ಕಾರಣಕ್ಕೆ ಬೆಂಗಳೂರಿನ ಶಾಲೆಗಳಿಗೆ 16ರಂದು ಒಮ್ಮೆ, 21ರಂದು ಇನ್ನೊಮ್ಮೆ ರಜೆ ಸಿಕ್ಕಿತು. ಯಲಹಂಕದ ಕೇಂದ್ರೀಯ ವಿಹಾರಕ್ಕೆ ನೀರು ನುಗ್ಗಿ, ಜನರನ್ನು ದೋಣಿಯಲ್ಲಿ ಹೊರತಂದ ತಿಂಗಳದು. ಸಂಜಯನಗರದ ನಮ್ಮ ಬೀದಿಯಲ್ಲಿ ಅಷ್ಟು ನೀರೇನೂ ನಿಲ್ಲಲಿಲ್ಲ, ರಜೆ ಯಾಕೆ ಎಂದು ಕೇಳಿದವರಿದ್ದಾರೆ. ನಾನು ರಜೆಯ ಪರ. ಶಾಲಾ ವ್ಯಾನು ನಮ್ಮ ಬೀದಿಯಲ್ಲಷ್ಟೇ ಓಡುವುದಿಲ್ಲ, ಹೆಬ್ಬಾಳ ಮೇಲ್ಸೇತುವೆಯ ಕೆಳಗಿನ ನೀರನ್ನೂ ದಾಟಬೇಕು. ಅನುಮಾನವಿದ್ದಾಗ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವುದೇ ಸರಿ.

ನನ್ನ ತಕರಾರು ರಜೆಯ ಮೇಲಲ್ಲ, ಆ ದಿನವನ್ನು ನಾವು ಏನು ಮಾಡುತ್ತೇವೆ ಎಂಬುದರ ಮೇಲೆ. ಒಂಬತ್ತು ಗಂಟೆಗೆ ಆನ್‌ಲೈನ್ ತರಗತಿಯ ಲಿಂಕ್ ಬರುತ್ತದೆ, ಹಿಂದೆಯೇ ವರ್ಕ್‌ಶೀಟ್. ಹನ್ನೊಂದಕ್ಕೆ ಮಳೆ ಹಗುರಾದರೂ ಮಗು ಕಿಟಕಿಯ ಸರಳಿನ ಒಳಗೇ. ಅಲ್ಲಿಗೆ ರಜೆ ಸಿಕ್ಕಿದ್ದು ಕಟ್ಟಡಕ್ಕೆ, ಮಗುವಿಗಲ್ಲ.

ತಾಯಂದಿರ ಭಯವನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಅದನ್ನು ಬಿಡಿಸಿ ನೋಡಬೇಕು. ಬಾಯಿ ತೆರೆದ ಚರಂಡಿ, ರಾಜಕಾಲುವೆ, ನೀರಿನಲ್ಲಿ ನಿಂತ ವಿದ್ಯುತ್ ಕಂಬ, ಒಣಗಿದ ಕೊಂಬೆ ಇವೆಲ್ಲ ನಿಜವಾದ ಅಪಾಯ. ಚರಂಡಿ ಬೆರೆತ ನೀರಿನಿಂದ ಇಲಿಜ್ವರವೂ ಬರಬಹುದು. ಆದರೆ ನೆನೆದ ಮಾತ್ರಕ್ಕೆ ಜ್ವರ ಬರುವುದಿಲ್ಲ, ಅದಕ್ಕೆ ರೋಗಾಣು ಬೇಕು. ಗುಡುಗು ಸಿಡಿಲಿಲ್ಲದ ಹೊತ್ತಿನಲ್ಲಿ ಎತ್ತರದ ಕಟ್ಟೆಯಿರುವ ಮಹಡಿ, ಅಪಾರ್ಟ್‌ಮೆಂಟಿನ ಅಂಗಳ ಮಗುವಿಗೆ ಸಾಕು. ದೊಡ್ಡವರೊಬ್ಬರು ಜೊತೆಗಿರಬೇಕು, ಆಮೇಲೆ ಒಣ ಬಟ್ಟೆ, ಬಿಸಿ ಹಾಲು.

ಏಪ್ರಿಲ್, ಮೇ ತಿಂಗಳಲ್ಲಿ ಆಲಿಕಲ್ಲು ಬಿದ್ದಾಗ ಇದೇ ಮಕ್ಕಳನ್ನು ನೋಡಿ. ಸ್ಟೀಲ್ ಬಟ್ಟಲು ಹಿಡಿದು ಮಹಡಿಗೆ ಓಡುತ್ತಾರೆ. ದೊಡ್ಡದು ಸಿಕ್ಕವನು ಮುಷ್ಟಿ ಬಿಚ್ಚುವುದಿಲ್ಲ, ಬಿಚ್ಚಿದಾಗ ಬರೀ ನೀರು. ಉಳಿದದ್ದನ್ನು ಫ್ರೀಜರಿನಲ್ಲಿಟ್ಟು ಸಂಜೆ ಅಪ್ಪನಿಗೆ ತೋರಿಸುತ್ತಾರೆ. ಆಗ ಬೇಸಿಗೆ ರಜೆ, ಯಾವ ಲಿಂಕೂ ಬರುವುದಿಲ್ಲ. ಘನ ಹೇಗೆ ದ್ರವವಾಗುತ್ತದೆಂದು ಮತ್ತೆ ಬೋರ್ಡಿನ ಮೇಲೆ ಬರೆಯಬೇಕಿಲ್ಲ.

ನ್ಯೂಯಾರ್ಕ್‌ನಲ್ಲಿ ಹಿಮ ಬಿದ್ದು ಶಾಲೆ ಮುಚ್ಚಿದರೆ ಮಕ್ಕಳು ಪಾರ್ಕಿನ ದಿಬ್ಬಕ್ಕೆ ಹೋಗಿ ಜಾರಿ ಆಡುವುದು ಹಳೆಯ ರೂಢಿ. ಕೊರೋನಾ ನಂತರ ಅಲ್ಲಿಯೂ ಹಿಮದ ರಜೆಯ ಬದಲು ಆನ್‌ಲೈನ್ ತರಗತಿ ತಂದರು. 2024ರ ಫೆಬ್ರವರಿ 13ರಂದು ಲಾಗಿನ್ ಆಗದೆ ಅನೇಕ ಮಕ್ಕಳು ಪರದೆಯ ಮುಂದೆ ಕಾದು ಕುಳಿತರು, ಹೊರಗೆ ಹಿಮ ಸುರಿಯುತ್ತಿತ್ತು. ಅವರು ಕಳೆದುಕೊಂಡದ್ದನ್ನೇ ನಾವು ಇಲ್ಲಿ ಕಳೆದುಕೊಳ್ಳುತ್ತಿದ್ದೇವೆ.

ಪಾಠ ಹಿಂದೆ ಬೀಳುತ್ತದಲ್ಲ ಎನ್ನಬಹುದು. ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿವರೆಗೆ 200, ಆರರಿಂದ ಎಂಟಕ್ಕೆ 220 ಕೆಲಸದ ದಿನಗಳನ್ನು ಕೇಳುತ್ತದೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮಳೆಗಾಲದ ರಜೆಗಳನ್ನು ಶನಿವಾರ ಪೂರ್ತಿ ದಿನ ಶಾಲೆ ನಡೆಸಿ ಸರಿದೂಗಿಸುತ್ತಾರೆ. ಬೆಂಗಳೂರಿಗೂ ಅದು ಕಷ್ಟವಲ್ಲ.

ಕಷ್ಟವಿರುವುದು ಬೇರೆ ಕಡೆ. ಭೂಪಸಂದ್ರ, ಗೆದ್ದಲಹಳ್ಳಿಯ ಒಂದು ಕೋಣೆಯ ಮನೆಗಳಿಂದ ನಮ್ಮ ಮನೆಗಳಿಗೆ ಪಾತ್ರೆ ತೊಳೆಯಲು ಬರುವ ತಾಯಂದಿರಿಗೆ ಮಳೆ ರಜೆ ಇಲ್ಲ. ಅವರ ಮಗುವಿಗೆ ಶಾಲೆ ಮುಚ್ಚಿದರೆ ಬಿಸಿಯೂಟವೂ ತಪ್ಪುತ್ತದೆ, ಕಾಯುವವರೂ ಇರುವುದಿಲ್ಲ. ಮಹಡಿಯಿಲ್ಲದ ಆ ಮಗು ಆಡುವುದು ಚರಂಡಿಯ ಪಕ್ಕದಲ್ಲೇ. ಆದ್ದರಿಂದ ರಜೆಯ ಆದೇಶದಲ್ಲಿ ಇನ್ನೊಂದು ಸಾಲು ಸೇರಬೇಕು. ಪಾಠ ಬೇಡ, ಆದರೆ ನಡೆದು ಬರುವಷ್ಟು ಹತ್ತಿರವಿರುವ ಮಕ್ಕಳಿಗಾಗಿ ಸರ್ಕಾರಿ ಶಾಲೆಯ ಒಂದು ಕೋಣೆ, ಅಡುಗೆಮನೆ ತೆರೆದಿರಲಿ. ಊಟ ಬಡಿಸಲಿ, ಮಳೆ ಹಗುರಾದಾಗ ಅಂಗಳಕ್ಕೆ ಬಿಡಲಿ. ಆ ದಿನ ಬರುವ ಅಡುಗೆಯವರಿಗೂ ಶಿಕ್ಷಕರಿಗೂ ಬದಲಿ ರಜೆ ಕೊಡಲಿ. ಆದೇಶ ಹಿಂದಿನ ಸಂಜೆಯೇ ಬಂದರೆ ಆ ತಾಯಿಗೆ ಮಗುವನ್ನು ಎಲ್ಲಿ ಬಿಡುವುದೆಂದು ಯೋಚಿಸಲು ಒಂದು ರಾತ್ರಿಯಾದರೂ ಸಿಗುತ್ತದೆ.